ದೂರದ ಊರಿನ ನೆಂಟಸ್ತಿಕೆ: ಸಹಿ ಮೊದಲೋ, ಪತ್ರ ಮೊದಲೋ?

ಪ್ರಶ್ನೆ: ನಮ್ಮದು ಮಲ್ಪೆ ಸಮೀಪದ ಗ್ರಾಮ. ನಾನು ಇಲ್ಲಿನ ಗ್ರಂಥಾಲಯ ಸಮಿತಿಯ ಕಾರ್ಯದರ್ಶಿ. ಕಳೆದ ಜನವರಿಯಲ್ಲಿ ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನಿಂದ ಐದು ಮಂದಿ ಬಂದಿದ್ದರು. ಅವರಲ್ಲಿ ಒಬ್ಬ ಹಿರಿಯ ಮಹಿಳೆಯ ಮುತ್ತಜ್ಜ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದರಂತೆ. ಎರಡು ದಿನ ನಮ್ಮ ಜೊತೆಗಿದ್ದು, ಶಾಲೆ ನೋಡಿ, ನೀರುದೋಸೆ ತಿಂದು, ಹೊರಡುವಾಗ ‘ನಮ್ಮ ಊರು, ನಿಮ್ಮ ಊರು ಸ್ನೇಹಕ್ಕೆ, ವಿನಿಮಯಕ್ಕೆ ಜೊತೆಯಾಗುವ ಸೋದರಿ ಊರುಗಳಾಗೋಣ, ಒಪ್ಪಂದಕ್ಕೆ ಸಹಿ ಹಾಕೋಣ’ ಎಂದರು. ಶಾಲೆಯ ಮಾಡಿನ (ಛಾವಣಿಯ) ದುರಸ್ತಿಗೆ ಹಣ ಕಳಿಸುತ್ತೇವೆ ಎಂದೂ ಹೇಳಿದ್ದಾರೆ. ಈಗ ನಮ್ಮ ಸಮಿತಿಯಲ್ಲಿ ನಾಲ್ಕು ಬಣವಾಗಿದೆ. ಸಹಿ ಹಾಕಿದರೆ ನಮ್ಮ ಮಕ್ಕಳಿಗೆ ಜರ್ಮನಿಯ ವೀಸಾ ಸುಲಭವಾಗುತ್ತದೆ ಎಂದು ಕೆಲವರು. ಇದು ಮತಾಂತರದ ಇನ್ನೊಂದು ದಾರಿ ಎಂದು ಕೆಲವರು. ಪದಾಧಿಕಾರಿಗಳು ವಿದೇಶ ಸುತ್ತಲು ಮಾಡಿದ ಉಪಾಯ ಎಂದು ಇನ್ನು ಕೆಲವರು. ವಿದೇಶದ ಹಣ ಮುಟ್ಟಿದರೆ ಕೇಸು ಬೀಳುತ್ತದೆ ಎಂದು ನಮ್ಮ ಖಜಾಂಚಿ ಹೆದರಿದ್ದಾರೆ. ನಾವೇನು ಮಾಡಬೇಕು? ಇನ್ನೊಂದು ಸಣ್ಣ ವಿಷಯ: ಆ ಮಹಿಳೆ ಕಾರ್ಖಾನೆಯ ಒಂದು ಹಳೆಯ ಫೋಟೊದ ಪ್ರತಿ ಕೊಟ್ಟು ಹೋಗಿದ್ದಾರೆ. ಇಪ್ಪತ್ತಮೂರು ಮಂದಿ ಇರುವ ಆ ಚಿತ್ರದ ಕೆಳಗೆ ಅವರ ಮುತ್ತಜ್ಜನ ಹೆಸರು ಮಾತ್ರ ಇದೆ. ಅದನ್ನು ಚೌಕಟ್ಟು ಹಾಕಿಸಿ ಗ್ರಂಥಾಲಯದಲ್ಲಿ ತೂಗುಹಾಕಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಬಣಗಳ ಮಾತಿನ ನಡುವೆ ನಿಮ್ಮದೇ ಒಂದು ಅಳುಕೂ ಇದೆ ಎನಿಸಿತು. ಬಂದವರು ಮನಸ್ಸಿಗೆ ಹಿಡಿಸಿದ್ದಾರೆ. ಬೇಡ ಎಂದರೆ ಅಂಗಳಕ್ಕೆ ಬಂದ ಸ್ನೇಹವನ್ನು ದೂಡಿದ ಹಾಗಾಗುತ್ತದೆ, ಹೂಂ ಎಂದರೆ ಊರನ್ನೇ ಯಾವ ಉರುಳಿಗೆ ಸಿಕ್ಕಿಸುತ್ತೇನೋ ಎಂಬ ಭಯ. ಊರು ಊರುಗಳ, ಶಾಲೆ ಶಾಲೆಗಳ ನಡುವಿನ ಇಂಥ ವಿನಿಮಯದ ಕೆಲಸದಲ್ಲಿ ನಾನು ಮಂಗಳೂರಿನಲ್ಲಿದ್ದುಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದಿದ್ದೇನೆ. ಆ ಅನುಭವದ ಮೇಲೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ನೇಹಕ್ಕೆ ಈಗಲೇ ಹೂಂ ಎನ್ನಿ. ಸಹಿಗೆ ಕನಿಷ್ಠ ಒಂದು ವರ್ಷ ಕಾಯಿರಿ. ಹಣದ ಮಾತನ್ನು ಅದಕ್ಕಿಂತಲೂ ಆಚೆಗೆ ಇಡಿ.

ವೀಸಾದ ಮಾತನ್ನು ಮೊದಲು ಮುಗಿಸೋಣ, ಅದರಲ್ಲಿ ಹೆಚ್ಚು ಹುರುಳಿಲ್ಲ. ನಾನು ಮಂಗಳೂರಿನಲ್ಲಿ ಎಲ್ಲಿ ಮಾತನಾಡಲು ಹೋದರೂ ಕೇಳುವ ಮೊದಲ ಪ್ರಶ್ನೆ, ‘ನಮ್ಮ ನಗರದ ಸೋದರಿ ನಗರ ಯಾವುದು?’ ಎಂದು. ಇಡೀ ಸಭೆಯಲ್ಲಿ ಒಂದೋ ಎರಡೋ ಕೈ ಮೇಲೇಳುತ್ತದೆ. ಕೆನಡಾದ ಹ್ಯಾಮಿಲ್ಟನ್ 1968ರಿಂದ ಮಂಗಳೂರಿನ ಸೋದರಿ ನಗರ. ಒಂಟಾರಿಯೊ ಸರೋವರದ ದಂಡೆಯ ಉಕ್ಕಿನ ಊರು ಅದು, ಬಂದರೂ ಇದೆ. 2010ರಲ್ಲಿ ಅದೇ ದೇಶದ ಪಶ್ಚಿಮ ಕರಾವಳಿಯ ಡೆಲ್ಟಾ ಕೂಡ ಈ ಪಟ್ಟಿಗೆ ಸೇರಿತು. ಅಲ್ಲಿ ಫ್ರೇಸರ್ ನದಿ ಕಡಲು ಸೇರುತ್ತದೆ, ನಮ್ಮಲ್ಲಿ ನೇತ್ರಾವತಿ ಮತ್ತು ಫಲ್ಗುಣಿ. ಕೆನಡಾಕ್ಕೆ ಓದಲು, ದುಡಿಯಲು ಹೋದ ನಮ್ಮ ಜಿಲ್ಲೆಯ ಮಕ್ಕಳು ಕಡಿಮೆಯೇನಿಲ್ಲ, ಆದರೆ ಅವರಲ್ಲಿ ಯಾರಿಗೂ ಈ ಸೋದರಿತನದಿಂದ ವೀಸಾ ಸಿಕ್ಕಿಲ್ಲ. ವೀಸಾ ಕೊಡುವುದು ಆ ದೇಶದ ಸರ್ಕಾರ. ಅದು ನೋಡುವುದು ಅರ್ಜಿದಾರರ ಓದು, ಹಣಕಾಸು, ಹೋಗುವ ಉದ್ದೇಶ. ಜರ್ಮನಿಯ ಪುಟ್ಟ ಊರಿನ ಮೇಯರ್ ಬರೆದ ಆಮಂತ್ರಣ ಪತ್ರವನ್ನು ಅರ್ಜಿಯ ಜೊತೆ ಇಡಬಹುದು. ಯಾಕೆ ಹೋಗುತ್ತಿದ್ದಾರೆ ಎಂಬುದಕ್ಕೆ ಅದೊಂದು ಆಧಾರವಾದೀತು, ಅಷ್ಟೇ. ನಿಮ್ಮ ಸಮಿತಿಯ ಯುವಕರಿಗೆ ಇದನ್ನು ಈಗಲೇ ಸ್ಪಷ್ಟವಾಗಿ ಹೇಳಿ. ಇಲ್ಲದ ಆಸೆ ಹುಟ್ಟಿಸಿ ಮುಂದೆ ಅವರ ಸಿಟ್ಟಿಗೆ ಗುರಿಯಾಗುವುದು ಬೇಡ.

ಹೆಸರಿನ ಬಗ್ಗೆಯೂ ಒಂದು ಮಾತು. ಕೆಲವರು ಇದನ್ನು ‘ಅವಳಿ ನಗರ’ ಎಂದು ಕನ್ನಡಿಸುತ್ತಾರೆ. ಅವಳಿ ನಗರ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಹುಬ್ಬಳ್ಳಿ ಧಾರವಾಡ, ಒಂದೇ ಆಡಳಿತದಲ್ಲಿ ಬೆಳೆದ ಎರಡು ಊರು. ನಿಮ್ಮ ಸಭೆಯಲ್ಲಿ ಆ ಪದ ಬಳಸಿದರೆ ‘ನಮ್ಮ ಪಂಚಾಯತ್ ಮೇಲೆ ಅವರಿಗೇನು ಅಧಿಕಾರ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ‘ಸ್ನೇಹದ ಊರು’ ಎನ್ನುತ್ತೇನೆ. ಹಿರಿಯರ ಜೊತೆ ಮಾತನಾಡುವಾಗ ನೆಂಟಸ್ತಿಕೆ ಎಂದರೆ ಕೂಡಲೇ ಅರ್ಥವಾಗುತ್ತದೆ, ಯಾಕೆಂದರೆ ನೆಂಟಸ್ತಿಕೆಯಲ್ಲಿ ಎರಡೂ ಕಡೆಯವರಿಗೆ ಮರ್ಯಾದೆ ಇರುತ್ತದೆ, ಎರಡೂ ಕಡೆಯಿಂದ ಹೋಗಿ ಬರುವುದು ಇರುತ್ತದೆ.

ಇನ್ನು, ಅವರು ಯಾಕೆ ಇದನ್ನು ಕೇಳುತ್ತಿದ್ದಾರೆ ಎಂಬುದು ನಿಮಗೆ ಗೊತ್ತಿರಬೇಕು. ಯುರೋಪಿನವರಿಗೆ ಇದು ತೋರಿಕೆಯ ಸಮಾರಂಭವಲ್ಲ. ಇಂಗ್ಲೆಂಡಿನ ಕೋವೆಂಟ್ರಿ ನಗರ 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳಿಗೆ ಸಿಕ್ಕಿ ಸುಟ್ಟುಹೋಯಿತು. ಎರಡು ವರ್ಷದ ಬಳಿಕ ರಷ್ಯಾದ ಸ್ಟಾಲಿನ್‌ಗ್ರಾಡ್‌ಗೆ ಅದಕ್ಕಿಂತ ಘೋರವಾದ ಗತಿ ಬಂತು. ಆಗ ಕೋವೆಂಟ್ರಿಯ ಹೆಂಗಸರು ಒಂದು ಮೇಜುಬಟ್ಟೆಯ ಮೇಲೆ ತಮ್ಮ ಹೆಸರುಗಳನ್ನು ಕಸೂತಿ ಹಾಕಿ ಆ ಊರಿಗೆ ಕಳಿಸಿದರು. ಎಂಟುನೂರಕ್ಕೂ ಹೆಚ್ಚು ಹೆಸರುಗಳಿದ್ದವು, ಪ್ರತಿಯೊಬ್ಬರೂ ಕೈಲಾದ ಚಿಲ್ಲರೆ ಹಣವನ್ನೂ ಕೊಟ್ಟಿದ್ದರು. 1944ರಲ್ಲಿ ಎರಡೂ ನಗರಗಳು ಸ್ನೇಹದ ನಂಟು ಕಟ್ಟಿಕೊಂಡವು. ಯುದ್ಧ ಮುಗಿದ ಮೇಲೆ ಕೋವೆಂಟ್ರಿ, ಅದೇ ಯುದ್ಧದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಬಾಂಬುಗಳಿಂದ ಬೂದಿಯಾದ ಜರ್ಮನಿಯ ಡ್ರೆಸ್ಡೆನ್ ಜೊತೆಗೂ ಕೈ ಜೋಡಿಸಿತು. ತಮ್ಮನ್ನು ಸುಟ್ಟ ದೇಶದ, ತಮ್ಮವರು ಸುಟ್ಟ ಊರು ಅದು. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಫ್ರಾನ್ಸ್ ಮತ್ತು ಜರ್ಮನಿಯ ನಡುವೆ ಈ ಕೆಲಸ ಇನ್ನೂ ದೊಡ್ಡದಾಗಿ ನಡೆಯಿತು. 1950ರಲ್ಲಿ ಫ್ರಾನ್ಸಿನ ಮೊಂಬೆಲಿಯಾರ್, ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಮೊದಲು ಜೊತೆಯಾದವು. ಎಪ್ಪತ್ತು ವರ್ಷಗಳಲ್ಲಿ ಮೂರು ಸಲ ಒಬ್ಬರನ್ನೊಬ್ಬರು ಕೊಂದ ಎರಡು ದೇಶಗಳ ಊರುಗಳು ಅವು. ಇಂದು ಆ ಎರಡು ದೇಶಗಳ ನಡುವೆ ಇಂಥ ಜೋಡಿಗಳು ಎರಡು ಸಾವಿರಕ್ಕೂ ಹೆಚ್ಚು. ಜರ್ಮನಿಯ ಸಣ್ಣ ಊರಿನ ಹೆಬ್ಬಾಗಿಲಲ್ಲಿ ನಿಂತರೆ ಊರ ಹೆಸರಿನ ಫಲಕದ ಹತ್ತಿರವೇ ಸ್ನೇಹದ ಊರುಗಳ ಹೆಸರನ್ನೂ ಬರೆದಿರುವುದನ್ನು ಕಾಣಬಹುದು. ಹೀಗಾಗಿ ನಿಮ್ಮ ಅತಿಥಿಗಳು ‘ಸೋದರಿ ಊರಾಗೋಣ’ ಎಂದದ್ದು ಅವರಿಗೆ ಚಿಕ್ಕಂದಿನಿಂದ ಗೊತ್ತಿರುವ ರೀತಿಯಲ್ಲಿ ಆಡಿದ ಪ್ರೀತಿಯ ಮಾತು. ಅದರ ಹಿಂದೆ ಹುನ್ನಾರ ಹುಡುಕಬೇಕಾಗಿಲ್ಲ.

ಆದರೆ ಒಂದು ವಿಷಯವನ್ನು ಅವರಲ್ಲಿ ನೇರವಾಗಿ ಕೇಳಿ. ಬಂದ ಐವರು ಅವರ ಪುರಸಭೆಯ ಪರವಾಗಿ ಮಾತನಾಡಿದರೋ, ಸ್ನೇಹಸಂಘದ ಪರವಾಗಿಯೋ? ಜರ್ಮನಿಯ ಬಹುತೇಕ ಊರುಗಳಲ್ಲಿ ಈ ಕೆಲಸಕ್ಕೆಂದೇ ನಾಗರಿಕರ ಸಂಘವೊಂದು ಇರುತ್ತದೆ. ಸದಸ್ಯರ ವಂತಿಗೆಯಿಂದ ನಡೆಯುವ ನಮ್ಮ ಯುವಕ ಮಂಡಲದ ಹಾಗೆ. ಒಪ್ಪಂದ ಮಾಡಿಕೊಳ್ಳುವ ತೀರ್ಮಾನ ಮಾತ್ರ ಊರಿನ ಚುನಾಯಿತ ಪರಿಷತ್ತಿನದ್ದು. ಸಂಘದವರು ಉತ್ಸಾಹದಲ್ಲಿ ಹೇಳಿದ್ದನ್ನು ನಮ್ಮವರು ಪರಿಷತ್ತಿನ ನಿರ್ಣಯ ಎಂದು ತಿಳಿದು, ಸ್ವಾಗತ ಕಮಾನು ಕಟ್ಟಿಸುವವರೆಗೆ ಹೋದದ್ದನ್ನು ನಾನು ಕಂಡಿದ್ದೇನೆ. ಕೇಳಿದರೆ ಅವರಿಗೆ ಬೇಸರವಾಗುವುದಿಲ್ಲ. ಅವರಿಗೆ ನೇರವಾದ ಮಾತೇ ಇಷ್ಟ.

ಮತಾಂತರದ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ, ಅದರ ಬೇರು ನಮ್ಮ ಚರಿತ್ರೆಯಲ್ಲೇ ಇದೆ. ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದದ್ದು ಧರ್ಮಪ್ರಚಾರಕ್ಕೇ. ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಆ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದವರು. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1865ರಲ್ಲಿ ನೇತ್ರಾವತಿಯ ದಡದ ಜೇಡಿಮಣ್ಣನ್ನು ನಂಬಿ ಮಿಷನ್ನಿನ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕೆಲಸ ಮುಂದೆ ಕುದ್ರೋಳಿ, ಮಲ್ಪೆ, ಕೇರಳದವರೆಗೆ ಹಬ್ಬಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ನರು ಶತ್ರುದೇಶದವರೆಂದು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕೈ ಬದಲಾದವು. ಆ ಮಹಿಳೆಯ ಮುತ್ತಜ್ಜನ ಮನೆಯವರಂಥ ಕುಟುಂಬಗಳಿಗೂ ಮಲ್ಪೆಗೂ ಇದ್ದ ನಂಟು ಕಡಿದುಹೋದದ್ದು ಹಾಗೆ. ನೂರು ವರ್ಷದ ಮೇಲೆ ಮರಿಮಕ್ಕಳು ಹುಡುಕಿಕೊಂಡು ಬರುತ್ತಿರುವುದು ಆ ತುಂಡಾದ ಎಳೆಯನ್ನು.

ಇದನ್ನೆಲ್ಲ ಮುಚ್ಚಿಡದೆ ಸಭೆಯಲ್ಲಿ ಹೇಳಿ. ಆಮೇಲೆ ಎರಡು ಸಾಲಿನ ಒಂದು ನಿಯಮವನ್ನು ಎರಡೂ ಊರಿನವರು ಒಪ್ಪುವ ಹಾಗೆ ಬರೆದಿಡಿ: ಈ ಸ್ನೇಹದ ಹೆಸರಿನಲ್ಲಿ ಧರ್ಮಪ್ರಚಾರ ಇಲ್ಲ, ಪಕ್ಷಪ್ರಚಾರ ಇಲ್ಲ, ದೇವಸ್ಥಾನ, ಚರ್ಚು, ಮಸೀದಿ ನೋಡಲು ಹೋಗುವುದಾದರೆ ಎಲ್ಲ ಕಡೆಗೂ ನೋಡುಗರಾಗಿ ಮಾತ್ರ. ಊರಿನ ಪರಿಷತ್ತಿಗೆ, ನಾಗರಿಕ ಸಂಘಕ್ಕೆ ಇದನ್ನು ಒಪ್ಪುವುದು ಕಷ್ಟವಲ್ಲ. ಆತಂಕ ಪಟ್ಟ ಸದಸ್ಯರಲ್ಲಿ ಒಬ್ಬರನ್ನೇ ಪತ್ರವ್ಯವಹಾರ ನೋಡಿಕೊಳ್ಳುವ ತಂಡಕ್ಕೆ ಸೇರಿಸಿಕೊಳ್ಳಿ. ಹೊರಗೆ ನಿಂತು ಅನುಮಾನಿಸುವುದಕ್ಕಿಂತ ಒಳಗೆ ಕುಳಿತು ಪ್ರತಿ ಪತ್ರ ಓದುವುದು ಅವರಿಗೂ ನೆಮ್ಮದಿ.

ಈಗ ಹಣದ ವಿಷಯ. ನಿಮ್ಮ ಖಜಾಂಚಿಯವರ ಹೆದರಿಕೆ ನೂರಕ್ಕೆ ನೂರು ಸರಿಯಾದದ್ದು, ಅವರಿಗೆ ನನ್ನ ಪರವಾಗಿ ವಂದನೆ ಹೇಳಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಜನ ಎಫ್‌ಸಿಆರ್‌ಎ ಎಂದು ಕರೆಯುವ 2010ರ ಕಾನೂನು, ಇಲ್ಲಿ ಅನ್ವಯಿಸುತ್ತದೆ. ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಯಾವ ಸಂಘವೂ ವಿದೇಶದಿಂದ ದೇಣಿಗೆ ಪಡೆಯುವಂತಿಲ್ಲ. ನೋಂದಣಿ ಬೇಕೆಂದರೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ ತನ್ನ ಉದ್ದೇಶಕ್ಕಾಗಿ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಗ್ರಂಥಾಲಯ ಸಮಿತಿಗೆ ಅದು ಕನಸಿನ ಮಾತು. ಪೂರ್ವಾನುಮತಿಯಾದರೆ ಇಂಥ ದಾನಿಯಿಂದ, ಇಷ್ಟು ಹಣ, ಇಂಥ ಕೆಲಸಕ್ಕೆ ಎಂದು ಒಂದು ಸಲಕ್ಕೆ ಸಿಗುತ್ತದೆ, ಅದಕ್ಕೂ ಕಾಗದಪತ್ರ ಸಾಕಷ್ಟಿದೆ. ಹಣ ಬರಬೇಕಾದದ್ದು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಇದಕ್ಕೆಂದೇ ತೆರೆದ ಖಾತೆಗೆ. 2020ರ ತಿದ್ದುಪಡಿಯಿಂದ ಹೀಗಾಗಿದೆ.

ಇದಕ್ಕೆ ಅಡ್ಡದಾರಿ ಹೇಳಿಕೊಡುವವರು ನಿಮ್ಮ ಊರಲ್ಲೂ ಸಿಗುತ್ತಾರೆ. ‘ಅಧ್ಯಕ್ಷರ ಸ್ವಂತ ಖಾತೆಗೆ ಹಾಕಿಸಿಕೊಳ್ಳಿ’ ಎನ್ನುತ್ತಾರೆ. ಅದು ಒಬ್ಬ ಮನುಷ್ಯನನ್ನು ಹೊಂಡಕ್ಕೆ ತಳ್ಳಿದ ಹಾಗೆ. ‘ನೋಂದಣಿ ಇರುವ ಬೇರೆ ಟ್ರಸ್ಟಿಗೆ ತರಿಸಿ ನಮಗೆ ದಾಟಿಸಿಕೊಳ್ಳೋಣ’ ಎನ್ನುತ್ತಾರೆ. ಮೊದಲು ಕೆಲವು ಷರತ್ತುಗಳ ಮೇಲೆ ಅದಕ್ಕೆ ಅವಕಾಶವಿತ್ತು, 2020ರ ಬಳಿಕ ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದೇ ನಿಷಿದ್ಧ. ‘ಹಣ ಬೇಡ, ಕಂಪ್ಯೂಟರ್ ಕಳಿಸಲಿ’ ಎನ್ನುತ್ತಾರೆ. ಸಂಘಕ್ಕೆ ಬಂದ ವಸ್ತುವೂ ಕಾನೂನಿನ ಕಣ್ಣಿಗೆ ದೇಣಿಗೆಯೇ. ಶಾಲೆಯ ಮಾಡಿಗೆ ಅವರು ನೆರವಾಗಲೇಬೇಕು ಎಂದಿದ್ದರೆ, ನೋಂದಣಿ ಇರುವ ಸಂಸ್ಥೆಯೊಂದು ಆ ದುರಸ್ತಿಯನ್ನು ತನ್ನದೇ ಯೋಜನೆಯಾಗಿ ಕೈಗೆತ್ತಿಕೊಂಡು ತಾನೇ ಖರ್ಚು ಮಾಡಬಹುದು. ಹಾಗೆ ಮಾಡುವ ಮುನ್ನ ಲೆಕ್ಕಪರಿಶೋಧಕರನ್ನು ಕೂರಿಸಿಕೊಂಡು ಮಾತನಾಡಿ.

ಕರಾವಳಿಯವರು ವಿಶೇಷವಾಗಿ ಎಡವುವ ಜಾಗ ಇನ್ನೊಂದಿದೆ. ನಮ್ಮಲ್ಲಿ ಶಾಲೆ, ಭಜನಾ ಮಂದಿರ, ದೈವಸ್ಥಾನ ಎಲ್ಲಕ್ಕೂ ಮುಂಬೈ ಸಮಿತಿ, ದುಬೈ ಸಮಿತಿ ಇರುತ್ತದಲ್ಲ. ದುಬೈಯಲ್ಲಿ ದುಡಿಯುವ ಭಾರತದ ಪಾಸ್‌ಪೋರ್ಟಿನ ನಮ್ಮೂರ ಹುಡುಗ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಅವನ ಅಣ್ಣ ಕೆನಡಾದ ಪೌರನಾಗಿದ್ದರೆ, ಹುಟ್ಟಿದ್ದು ಮಲ್ಪೆಯಲ್ಲೇ ಆದರೂ, ಸಂಘಕ್ಕೆ ಅವನು ಕೊಡುವುದು ವಿದೇಶಿ ದೇಣಿಗೆ. ಒಂದೇ ತಾಯಿಯ ಮಕ್ಕಳು, ಲೆಕ್ಕ ಬೇರೆ ಬೇರೆ. ಪಾಸ್‌ಪೋರ್ಟ್ ಕೇಳಲು ಸಂಕೋಚ ಪಡಬೇಡಿ.

ಕಾನೂನು ಒತ್ತಟ್ಟಿಗಿರಲಿ. ಹಣವನ್ನು ಹಿಂದಕ್ಕೆ ಇಡಿ ಎನ್ನಲು ನನಗೆ ಅದಕ್ಕಿಂತ ದೊಡ್ಡ ಕಾರಣವಿದೆ. ಮುಂಬೈ ಸಮಿತಿಯನ್ನು ನೋಡಿ ಬೆಳೆದ ನಮಗೆ ದೂರದಲ್ಲಿರುವವರೆಂದರೆ ಕೊಡುವವರು ಎಂಬ ರೂಢಿ ಬಿದ್ದಿದೆ. ಜರ್ಮನಿಯವರೂ ಆ ಸಾಲಿನಲ್ಲಿ ಕುಳಿತರೆ ಸ್ನೇಹ ಅಲ್ಲಿಗೆ ಮುಗಿಯಿತು. ಮಾಡು ಸರಿಯಾದ ಮೇಲೆ ಕಾಂಪೌಂಡ್, ಅದಾದ ಮೇಲೆ ರಂಗಮಂದಿರ. ಪತ್ರ ಬರೆಯುವಾಗಲೆಲ್ಲ ಒಂದು ಕೋರಿಕೆ. ಅತ್ತ ಅವರಲ್ಲಿ ಹಣ ಒಟ್ಟು ಮಾಡುವವರು ವಯಸ್ಸಾಗಿ ಸುಸ್ತಾದ ದಿನ ಎಲ್ಲವೂ ನಿಂತುಹೋಗುತ್ತದೆ. ಶಾಲೆಯ ಮಾಡಿಗೆ ಪಂಚಾಯತ್ ಇದೆ, ಶಿಕ್ಷಣ ಇಲಾಖೆ ಇದೆ, ಹಳೆ ವಿದ್ಯಾರ್ಥಿಗಳಿದ್ದಾರೆ. ಆ ಕೆಲಸವನ್ನು ನೀವೇ ಮಾಡಿ ಮುಗಿಸಿ, ಹೊಸ ಮಾಡಿನ ಫೋಟೊವನ್ನು ಅವರಿಗೆ ಕಳಿಸಿ ನೋಡಿ. ನಿಮ್ಮ ಮೇಲೆ ಅವರಿಗೆ ಹುಟ್ಟುವ ಗೌರವವೇ ಬೇರೆ.

ವಿದೇಶ ಪ್ರವಾಸದ ಗುಮಾನಿಯೂ ಸುಳ್ಳೇನಲ್ಲ. ಒಪ್ಪಂದದ ಹೆಸರಿನಲ್ಲಿ ತಂಡ ಕಟ್ಟಿಕೊಂಡು ಹೋಗಿ, ಹೂಗುಚ್ಛ ಕೊಟ್ಟು ತೆಗೆದುಕೊಂಡು, ಬಂದ ಮೇಲೆ ಒಂದು ಪುಟದ ವರದಿಯನ್ನೂ ಬರೆಯದ ಉದಾಹರಣೆಗಳು ಎಲ್ಲ ದೇಶಗಳಲ್ಲೂ ಇವೆ. ಮೊದಲ ಪ್ರಯಾಣಕ್ಕೆ ಪದಾಧಿಕಾರಿಗಳು ಹೋಗುವುದಿಲ್ಲ ಎಂದು ನಿರ್ಣಯ ಮಾಡಿ. ಹೋಗುವವರು ಸ್ವಂತ ಖರ್ಚಿನಲ್ಲಿ ಹೋಗಲಿ, ಅಲ್ಲಿ ಮನೆಗಳಲ್ಲೇ ಉಳಿಯಲಿ. ಸರ್ಕಾರಿ ಶಾಲೆಯ ಶಿಕ್ಷಕರು ಹೋಗುವುದಾದರೆ ಇಲಾಖೆಯ ಅನುಮತಿ ಬೇಕು. ಟಿಕೆಟ್ಟೋ ಊಟ ವಸತಿಯೋ ವಿದೇಶಿಯರ ಖರ್ಚಿನಲ್ಲಿ ಆಗುವುದಾದರೆ ಗೃಹ ಸಚಿವಾಲಯದ ಪೂರ್ವಾನುಮತಿಯೂ ಬೇಕು. ಹಾಗೆಯೇ ಅವರು ಬಂದು ನಿಮ್ಮ ಮನೆಗಳಲ್ಲಿ ಉಳಿದರೆ, ಉಳಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಹೋಮ್‌ಸ್ಟೇ ನಡೆಸುವವರು ಬಹುಕಾಲದಿಂದ ಸಿ ಫಾರ್ಮ್ ಎನ್ನುತ್ತ ಬಂದದ್ದು ಇದನ್ನೇ. ನೆಂಟರಲ್ಲವೇ ಎಂದು ಬಿಟ್ಟರೆ ಪೊಲೀಸರ ಮುಂದೆ ಉತ್ತರ ಹೇಳಬೇಕಾದೀತು.

ಇಷ್ಟೆಲ್ಲ ಎಚ್ಚರಿಕೆ ಹೇಳಿದೆ. ಆದರೆ ನಾನು ಕಂಡ ಮಟ್ಟಿಗೆ ಇಂಥ ಸಂಬಂಧಗಳು ಸತ್ತದ್ದು ಕಾನೂನಿನಿಂದಲೂ ಅಲ್ಲ, ಮೋಸದಿಂದಲೂ ಅಲ್ಲ. ಹಲವು ವರ್ಷಗಳ ಹಿಂದೆ ಮಂಗಳೂರಿನಾಚೆಯ ಒಂದು ಶಾಲೆಗೂ ಫ್ರಾನ್ಸಿನ ಒಂದು ಶಾಲೆಗೂ ಪತ್ರಮೈತ್ರಿ ಮಾಡಿಸಿದ್ದೆ. ಇಂಗ್ಲಿಷ್ ಕಲಿಸುವ ಒಬ್ಬ ಶಿಕ್ಷಕಿ ಎಲ್ಲವನ್ನೂ ತಲೆಯ ಮೇಲೆ ಹೊತ್ತು ನಡೆಸುತ್ತಿದ್ದರು. ಎರಡು ವರ್ಷ ಚೆನ್ನಾಗಿ ನಡೆಯಿತು. ಅವರಿಗೆ ವರ್ಗವಾಯಿತು. ಮತ್ತೆರಡು ವರ್ಷದ ಮೇಲೆ ಬೇರೆ ಕೆಲಸಕ್ಕೆ ಆ ಶಾಲೆಗೆ ಹೋದಾಗ ಕಬ್ಬಿಣದ ಕಪಾಟಿನ ಕೆಳ ಅರೆಯಲ್ಲಿ, ಹಾಜರಿ ಪುಸ್ತಕಗಳ ಅಡಿಯಲ್ಲಿ, ಒಡೆಯದ ಒಂದು ಲಕೋಟೆ ಸಿಕ್ಕಿತು. ಒಳಗೆ ಹನ್ನೊಂದು ವರ್ಷದ ಹುಡುಗಿ ಬಿಡಿಸಿದ ಅವಳ ಮನೆಯ ಚಿತ್ರ. ಅಟ್ಟದ ಕಿಟಕಿಗೆ ಬಾಣದ ಗುರುತು ಹಾಕಿ, ‘ನೀನು ಬಂದರೆ ಇದು ನಿನ್ನ ಕೋಣೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಯಾರಿಗೆ ಬರೆದಿದ್ದಳೋ ಆ ಹುಡುಗಿ ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದಳು. ತಪ್ಪು ನನ್ನದು. ಒಬ್ಬರ ಹೆಗಲ ಮೇಲೆ ಎಲ್ಲವನ್ನೂ ಇಟ್ಟು, ಅವರ ನಂತರ ಯಾರು ಎಂದು ಕೇಳದೆ ಬಿಟ್ಟಿದ್ದೆ.

ಅಂದಿನಿಂದ ನಾನು ಯಾವ ಊರಿಗೆ ಹೋದರೂ ಕೇಳುವುದು, ‘ನಿಮ್ಮ ನಂತರ ಇದನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು. ಉಡುಪಿಯವರಾದ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಪರ್ಯಾಯ ಬದಲಾಗುತ್ತದೆ, ಮುಂದೆ ಬರುವ ಮಠ ಒಂದು ವರ್ಷ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ ಎಂದು ಸಿದ್ಧತೆ ಆರಂಭಿಸುತ್ತದೆ. ನಿಮ್ಮ ಪತ್ರದ ತಂಡಕ್ಕೂ ಹಾಗೆಯೇ ಎರಡು ವರ್ಷದ ಅವಧಿ ಇಡಿ. ಮುಂದಿನವರು ಕೊನೆಯ ಒಂದು ವರ್ಷ ಜೊತೆಯಲ್ಲೇ ಕುಳಿತು ಕಲಿಯಲಿ. ಮೇಲ್ ವಿಳಾಸ ವ್ಯಕ್ತಿಯದಾಗಿರದೆ ಗ್ರಂಥಾಲಯದ್ದಾಗಿರಲಿ. ಬಂದ ಪತ್ರ, ಕಳಿಸಿದ ಪತ್ರದ ಪ್ರತಿ ಎರಡೂ ಒಂದೇ ಫೈಲಿನಲ್ಲಿ, ಓದುವ ಮೇಜಿನ ಮೇಲೆ ಎಲ್ಲರ ಕೈಗೂ ಸಿಗುವಂತೆ ಇರಲಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಅಧಿಕೃತ ಒಪ್ಪಂದ ಬೇಕೇಬೇಕೆಂದರೆ ಅದು ಗ್ರಂಥಾಲಯ ಸಮಿತಿಯ ಕೈಯಲ್ಲಿಲ್ಲ, ಪಂಚಾಯತ್ ನಿರ್ಣಯ ಮಾಡಬೇಕು. ವಿದೇಶ ವ್ಯವಹಾರ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಗೆ ಸೇರಿದ್ದು. ಹೀಗಾಗಿ ಕಡತ ರಾಜ್ಯ ಸರ್ಕಾರದ ಮೂಲಕ ವಿದೇಶಾಂಗ ಸಚಿವಾಲಯದ ಒಪ್ಪಿಗೆಗೆ ಹೋಗಿ ಬರಬೇಕು. ಆದೀತು, ಆದರೆ ನಿಧಾನ. ಅಷ್ಟರಲ್ಲಿ ಇಲ್ಲಿ ಪಂಚಾಯತ್ ಬದಲಾದೀತು, ಅಲ್ಲಿ ಮೇಯರ್ ಬದಲಾದಾರು. ಸಹಿಯಾದ ಒಪ್ಪಂದಕ್ಕೂ ರಾಜಕೀಯದ ಗಾಳಿ ತಾಗುತ್ತದೆ. ಜಪಾನಿನ ಒಸಾಕಾ ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ 1957ರಿಂದ ಸೋದರಿ ನಗರಗಳಾಗಿದ್ದವು. ಯುದ್ಧಕಾಲದಲ್ಲಿ ಜಪಾನಿನ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಣ್ಣುಮಕ್ಕಳ ಸ್ಮಾರಕವನ್ನು ಸ್ಯಾನ್ ಫ್ರಾನ್ಸಿಸ್ಕೊ ತನ್ನದಾಗಿ ಸ್ವೀಕರಿಸಿತೆಂದು ಒಸಾಕಾ 2018ರಲ್ಲಿ ಸಂಬಂಧ ಕಡಿದುಕೊಂಡಿತು. ಅರುವತ್ತು ವರ್ಷದ ನಂಟು ಒಂದು ಪತ್ರದಲ್ಲಿ ಮುಗಿಯಿತು. ಆ ಅರುವತ್ತು ವರ್ಷ ಒಬ್ಬರ ಮನೆಯಲ್ಲಿ ಒಬ್ಬರು ಉಂಡವರ ಸ್ನೇಹವನ್ನು ಮಾತ್ರ ಯಾವ ಪತ್ರವೂ ಮುಗಿಸಲಾರದು.

ಮಣಿಪಾಲದ ಅಥವಾ ಮಂಗಳೂರಿನ ಯಾವುದಾದರೂ ಕಾಲೇಜಿನ ನೆರಳಿನಲ್ಲಿ ಮಾಡುವುದು ಇನ್ನೊಂದು ದಾರಿ. ಭಾಷೆ, ಕಾನೂನು, ಪತ್ರವ್ಯವಹಾರ ಬಲ್ಲವರು ಅಲ್ಲಿರುತ್ತಾರೆ. ಆದರೆ ಕ್ರಮೇಣ ಮಾತುಕತೆಯೆಲ್ಲ ಅವರಿಗೂ ಜರ್ಮನಿಗೂ ನಡುವೆ ನಡೆದು, ನಿಮ್ಮ ಊರು ವಿದ್ಯಾರ್ಥಿಗಳು ಸಮೀಕ್ಷೆಗೆ ಬರುವ ಜಾಗವಾಗಿಬಿಡುತ್ತದೆ. ಸಲಹೆಗೆ ಅವರನ್ನು ಇಟ್ಟುಕೊಳ್ಳಿ, ಚುಕ್ಕಾಣಿ ಕೊಡಬೇಡಿ.

ನಾನು ಒತ್ತಿ ಹೇಳುವುದು ಗ್ರಂಥಾಲಯದಿಂದ ಗ್ರಂಥಾಲಯಕ್ಕೆ, ಸಹಿ ಇಲ್ಲದ ಒಂದು ವರ್ಷ. ತಿಂಗಳಿಗೆ ಒಂದು ಪತ್ರ, ತಪ್ಪದೆ. ಮಕ್ಕಳು ಕನ್ನಡದಲ್ಲೋ ತುಳುವಿನಲ್ಲೋ ಬರೆಯಲಿ, ಕೆಳಗೆ ಇಂಗ್ಲಿಷ್ ಸಾರಾಂಶ ಇರಲಿ. ಅವರ ಮಕ್ಕಳು ಜರ್ಮನ್‌ನಲ್ಲಿ ಬರೆಯಲಿ. ಇಂಗ್ಲಿಷ್ ಇಬ್ಬರಿಗೂ ಪರಭಾಷೆ, ಅದರಲ್ಲೇ ಎಲ್ಲವನ್ನೂ ಮಾಡಿದರೆ ಚೆನ್ನಾಗಿ ಇಂಗ್ಲಿಷ್ ಬರುವ ನಾಲ್ಕು ಮಕ್ಕಳದ್ದೇ ಸ್ನೇಹವಾಗುತ್ತದೆ. ವಿಡಿಯೊ ಕರೆ ಬೇಕಾದರೆ ನಮ್ಮ ಸಂಜೆ ನಾಲ್ಕು ಗಂಟೆ ಒಳ್ಳೆಯದು, ಅವರಿಗೆ ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅವರ ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ಆಗ ನಮ್ಮಲ್ಲಿ ಶಾಲೆ, ಮೇಲಿಂದ ಧೋ ಎಂದು ಮಳೆ. ನಮ್ಮ ರಜೆ ಏಪ್ರಿಲ್, ಮೇ. ಇದು ಮೊದಲೇ ಗೊತ್ತಿದ್ದರೆ ಎರಡು ತಿಂಗಳು ಉತ್ತರ ಬಾರದಿದ್ದಾಗ ಮುನಿಸಿಕೊಳ್ಳುವುದು ತಪ್ಪುತ್ತದೆ. ಮಕ್ಕಳ ಫೋಟೊ ಕಳಿಸುವ ಮುನ್ನ ತಂದೆ ತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಮನೆ ವಿಳಾಸ, ಫೋನ್ ನಂಬರ್ ಹೊರಗೆ ಹೋಗದಂತೆ ನೋಡಿಕೊಳ್ಳಿ. ಅವರೂ ಈ ವಿಷಯದಲ್ಲಿ ತುಂಬ ಕಟ್ಟುನಿಟ್ಟು.

ಪತ್ರಗಳಿಂದ ಏನಾದೀತು ಎಂದು ನಿಮ್ಮ ಯುವಕರು ಕೇಳಬಹುದು. ಹನ್ನೆರಡನೇ ಶತಮಾನದಲ್ಲಿ ಟುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ವರ್ಷಗಟ್ಟಲೆ ಮಂಗಳೂರಿನಲ್ಲಿ ನೆಲೆಸಿದ್ದ. ಅವನಿಗೆ ಯೆಮನ್ನಿನ ಏಡನ್ ಬಂದರಿನ ಗೆಳೆಯರು ಬರೆದ ಪತ್ರಗಳು ಕೈರೋದ ಹಳೆಯ ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ಒಂದರ ಕೋಣೆಯಲ್ಲಿ ಉಳಿದುಕೊಂಡು ಇಂದಿಗೂ ಇವೆ. ಇಲ್ಲಿಂದ ಕಾಳುಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಮತ್ತೆ ಬರೆಯಲು ಕಾಗದ ಬರುತ್ತಿತ್ತು. ಉತ್ತರ ಬರೆಯಲಿ ಎಂದು ಕಾಗದವನ್ನೂ ಕಳಿಸುವ ಗೆಳೆತನ! ಅವನ ಕೆಲಸಕ್ಕಿದ್ದ ಬೊಮ್ಮ ಎಂಬ ತುಳುನಾಡಿನವನ ಹೆಸರೂ ಆ ಪತ್ರಗಳಲ್ಲಿದೆ. ಒಂಬತ್ತು ಶತಮಾನದ ಮೇಲೆ ಆ ಬೊಮ್ಮ ನಮಗೆ ಗೊತ್ತಿರುವುದು ಯಾರೋ ಪತ್ರದಲ್ಲಿ ಅವನ ಹೆಸರು ಬರೆದರು ಎಂಬ ಒಂದೇ ಕಾರಣಕ್ಕೆ.

ಇದನ್ನು ಬರೆಯುವಾಗ ನಿಮ್ಮ ಕೊನೆಯ ಪ್ರಶ್ನೆ ನೆನಪಾಗುತ್ತಿದೆ. ಆ ಫೋಟೊಗೆ ಈಗಲೇ ಚೌಕಟ್ಟು ಹಾಕಿಸಬೇಡಿ. ಅದರ ದೊಡ್ಡ ಪ್ರತಿಗಳನ್ನು ಐದಾರು ಮಾಡಿಸಿ. ಪ್ರತಿಯೊಬ್ಬರ ತಲೆಯ ಮೇಲೆ ಪೆನ್ಸಿಲಿನಲ್ಲಿ ಒಂದರಿಂದ ಇಪ್ಪತ್ತಮೂರರವರೆಗೆ ಸಂಖ್ಯೆ ಬರೆದು, ಮಕ್ಕಳನ್ನು ಇಬ್ಬಿಬ್ಬರಂತೆ ಹಳೆಯ ಮನೆಗಳಿಗೆ ಕಳಿಸಿ. ಅಜ್ಜ ಅಜ್ಜಿಯಂದಿರ ಮುಂದೆ ಇಟ್ಟು, ‘ನಿಮ್ಮ ಮನೆಯಿಂದ ಕಾರ್ಖಾನೆಗೆ ಯಾರು ಹೋಗುತ್ತಿದ್ದರು?’ ಎಂದು ಕೇಳಲಿ. ಕೊಟ್ಟಿಗೆಯ ಮಾಡಿನಲ್ಲಿ ಹಳೆಯ ಹಂಚು ಇದ್ದರೆ ಮಗುಚಿ ನೋಡಲಿ. 1865 ಎಂದು ಅಚ್ಚಾಗಿದ್ದರೆ ಹಂಚು ಆ ವರ್ಷದ್ದೆಂದು ಹಿಗ್ಗಬೇಡಿ, ಅದು ಮಂಗಳೂರಿನಲ್ಲಿ ಕೆಲಸ ಶುರುವಾದ ವರ್ಷ. ಮಿಷನ್ನಿನ ಹಳೆಯ ಫೋಟೊಗಳು ಬಾಸೆಲ್‌ನ ಪತ್ರಾಗಾರದಲ್ಲಿವೆ, ಅಂತರ್ಜಾಲದಲ್ಲೂ ನೋಡಲು ಸಿಗುತ್ತವೆ. ಅತ್ತ ಕಡೆಯ ಹುಡುಕಾಟವನ್ನು ಆ ಮಹಿಳೆಗೆ ಒಪ್ಪಿಸಿ. ಎಲ್ಲರ ಗುರುತು ಸಿಗಲಾರದು. ನಾಲ್ಕು ಹೆಸರು ಸಿಕ್ಕರೂ ಆ ನಾಲ್ಕನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಯಾರ ಮನೆಯವರು, ಏನು ಕೆಲಸ ಮಾಡುತ್ತಿದ್ದರು ಎಂದು ಸೇರಿಸಿ ನಿಮ್ಮ ಮೊದಲ ಪತ್ರದ ಜೊತೆ ಕಳಿಸಿಕೊಡಿ. ಒಂದು ಪ್ರತಿ ನನಗೂ ಇರಲಿ.